ಅಕ್ಕನಾಗಮ್ಮನ ಎದೆಯಲ್ಲಿಲ್ಲದ ಕಲೆ

ಸೊರಬದ ಆ ಅಕ್ಕಿ ಗಿರಣಿ ಅಕ್ಕನಾಗಮ್ಮನದು. ಗಂಡ ತೀರಿಕೊಂಡ ಮೇಲೆ ನಡೆಸಿದವಳು ಅವಳೇ. ಮೈದುನ ರೇಣುಕಾಪ್ರಸಾದ್ ಅಲ್ಲೇ ಕೆಲಸಕ್ಕಿದ್ದ. ಅವನ ಕಣ್ಣು ಮೊದಲಿನಿಂದಲೂ ಅವಳ ಕುರ್ಚಿಯ ಮೇಲೆ. ಅಂಥವನ ಬಗ್ಗೆ ಮೆತ್ತಗೆ ಬರೆಯಲು ನನಗೆ ಬರುವುದಿಲ್ಲ.

ಕೆಮ್ಮು ಬಿಡದೆ ಕಾಡಿದಾಗ ಅವನೇ ಅವಳನ್ನು ಶಿಕಾರಿಪುರಕ್ಕೆ ಕರೆದೊಯ್ದು ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸಿದ. ಮೈಮೇಲಿನ ಲೋಹವನ್ನೆಲ್ಲ ತೆಗೆಯಿರಿ ಎಂದರು. ಬಳೆ ತೆಗೆದಳು, ಓಲೆ ತೆಗೆದಳು. ಬೆಳ್ಳಿ ಕರಡಿಗೆಯಲ್ಲಿದ್ದ ಇಷ್ಟಲಿಂಗವನ್ನು ಮಾತ್ರ ಬಟ್ಟೆಯೊಳಗೆ ಅಡಗಿಸಿಕೊಂಡು ಮಲಗಿದಳು. ಲಿಂಗವನ್ನು ಮೈಯಿಂದ ಬೇರೆ ಮಾಡುವುದುಂಟೇ?

ಚಿತ್ರದಲ್ಲಿ ಎದೆಯ ತುಂಬ ಪಟ್ಟೆಗಳು. ಪ್ರಸಾದ ಆ ಫಿಲ್ಮ್ ಹಿಡಿದು ನೆಂಟರ ಮನೆಗಳನ್ನೆಲ್ಲ ಸುತ್ತಿ, "ಅತ್ತಿಗೇದು ಕೈ ಮೀರೈತ್ರೀ" ಎಂದು ಕಣ್ಣೊರೆಸಿಕೊಂಡ. ಗಿರಣಿಗೆ ಬಂದು ಅವಳ ಕುರ್ಚಿಯಲ್ಲಿ ಕೂತ. ಅವಳು ಮನೆಯಲ್ಲಿ ಸಾವಿಗೆ ಕಾದಳು. ಸಾವು ಬರಲಿಲ್ಲ, ಇದ್ದ ಕೆಮ್ಮೂ ಹೋಯಿತು. ಅನುಮಾನ ಬಂದು ಒಬ್ಬಳೇ ಬಸ್ಸು ಹತ್ತಿ ಡಾಕ್ಟರ ಮುಂದೆ ನಿಂತಳು.

"ಇನ್ನೊಮ್ಮೆ ತೆಗೀಬೇಕು ಅಂತ ನಿಮ್ಮ ಮೈದುನ್ರಿಗೆ ಅವತ್ತೇ ಹೇಳಿದ್ನಲ್ರೀ! ಎದೆ ಮೇಲೆ ಬೆಳ್ಳಿ ಇತ್ತು. ಅದಕ್ಕೆ ತಾಗಿ ಕಿರಣ ಅಡ್ಡಾದಿಡ್ಡಿ ಚದುರ್ತದೆ. ಮಿಷಿನ್ನು ಅದನ್ನೂ ನೆಟ್ಟಗೆ ಬಂದದ್ದು ಅಂತ ತಿಳ್ಕೊಂಡು ಇಲ್ಲದ ಪಟ್ಟೆ ಬರೀತದೆ. ಬರೀ ಮೈಯೊಳಗೆ ಚದುರಿದ್ದನ್ನಾದ್ರೆ ಕಂಪ್ಯೂಟರ್ ಅಂದಾಜು ಮಾಡಿ ತೆಗೆದುಹಾಕ್ತದೆ. ಬೆಳ್ಳಿ ಅಡ್ಡ ಬಂದ್ರೆ ಆ ಅಂದಾಜು ಸಾಲೋದಿಲ್ಲ."

ಈ ಸಲ ಲಿಂಗವನ್ನು ಅಂಗೈಯಲ್ಲಿ ಹಿಡಿದು, ಕೈಯನ್ನು ತಲೆಯಾಚೆ ಚಾಚಿ ಮಲಗಿದಳು. ಚಿತ್ರ ಶುಭ್ರವಾಗಿ ಬಂತು. ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ಮನೆಗೆ ಬಂದು ತುಟಿ ಪಿಟಕ್ಕೆನ್ನಲಿಲ್ಲ. ಗಿರಣಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಪ್ರಸಾದ ಹಿರಿಯರನ್ನು ಕೂಡಿಸುವವರೆಗೂ ಕಾದಳು.

"ಒಪ್ಪಿಸಿಬಿಡವ್ವಾ" ಎಂದರು ದೊಡ್ಡಪ್ಪ ಮಹೇಶ್ವರಪ್ಪ.

"ಒಪ್ಪಿಸ್ತೀನಿ. ಡಾಕ್ಟ್ರು ಏನಂದ್ರು, ಎಲ್ಲರೆದುರು ಹೇಳು ಪ್ರಸಾದ."

"ವರ್ಷ ದಾಟೋದು ಕಷ್ಟ ಅಂದ್ರು, ಅತ್ತಿಗೆ" ಎಂದು ಅವನು ಬಿಕ್ಕಿದ.

ಅವಳು ಡಾಕ್ಟರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು. ಡಾಕ್ಟರು ಎಲ್ಲವನ್ನೂ ಬಿಡಿಸಿ ಹೇಳಿದರು. ಪ್ರಸಾದ ನೆಲ ನೋಡಿದ. ನನಗಂತೂ ಹೊಟ್ಟೆ ತಣ್ಣಗಾಯಿತು.

"ಇವನನ್ನ ಇವತ್ತೇ ಹೊರಗೆ ಹಾಕು" ಎಂದು ಮಹೇಶ್ವರಪ್ಪ ಗುಡುಗಿದರು. ಅವಳು ಒಪ್ಪಲಿಲ್ಲ. ಮರುದಿನ ತನ್ನ ಕುರ್ಚಿಯ ನೇರ ಎದುರಿಗೆ, ತೌಡಿನ ಚೀಲಗಳ ಪಕ್ಕ ಅವನಿಗೊಂದು ಸ್ಟೂಲು ಹಾಕಿಸಿದಳು.

"ನಾನು ಸಾಯೋದನ್ನ ಕಾಯ್ತಾ ಕೂತಿದ್ಯಲ್ಲ, ಇನ್ನು ಬದುಕೋದನ್ನ ನೋಡ್ತಾ ಕೂರು."