ಧಾರೆಯ ಫೋಟೋ

ಗುಂಡ್ಲುಪೇಟೆಯ ನನ್ನ ಸ್ಟುಡಿಯೋಗೆ ಗಿರಾಕಿಗಳು ಬರಲಿ ಅಂತ ವೆಬ್‌ಸೈಟನ್ನು ಹೊಸದಾಗಿ ಮಾಡಿಸಿದೆ. ಮೊದಲ ಪುಟದಲ್ಲಿ ಒಂದೇ ಮುಖ ದೊಡ್ಡದಾಗಿ ಕಾಣಬೇಕು, ಗುಂಪನ್ನು ಯಾರೂ ನೋಡಲ್ಲ ಅಂದ ಅದನ್ನು ಮಾಡಿಕೊಟ್ಟವನು. ಉಮ್ಮತ್ತೂರಿನ ರೈತನೊಬ್ಬ ಮಗಳನ್ನು ಧಾರೆ ಎರೆದುಕೊಡುವಾಗ ಕಣ್ಣು ತುಂಬಿಕೊಂಡಿದ್ದ ಫೋಟೋವನ್ನು ಆತನೊಬ್ಬನೇ ಕಾಣುವಂತೆ ಕತ್ತರಿಸಿ ಅಲ್ಲಿ ಹಾಕಿದೆ.

ವಾರದೊಳಗೆ ಆತನೇ ಅಂಗಡಿಗೆ ಬಂದ. ಕೂರು ಅಂದರೆ ಕೂರಲಿಲ್ಲ. ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದ. ಅತ್ತಿದ್ದನ್ನು ಊರಿಗೆಲ್ಲ ತೋರಿಸಿದೆನೆಂಬ ಸಿಟ್ಟು ಅಂದುಕೊಂಡು, "ತೆಗೆದುಬಿಡ್ತೀನಿ ಅಣ್ಣ" ಅಂದೆ.

"ಅತ್ತಿದ್ದು ಅಂಗೇ ಇರ್ಲಿ ಬುಡು. ಹೆಂಡ್ರಿಲ್ಲದೋನ್ಗೆ ಧಾರೆ ಎರಿಯಕ್ಕೆ ಬುಟ್ಟಾರೇನ್ಲಾ? ಬದುಕಿರೋ ನನ್ನೆಂಡ್ರ ಎಲ್ಗಾಕ್ದೆ?"

ಕಂಪ್ಯೂಟರಿನಲ್ಲಿ ಕತ್ತರಿಸದ ಫೋಟೋ ತೆರೆದೆ. ಆತ ಬರೀ ಕೈಯೊಡ್ಡಿ ನಿಂತಿದ್ದ. ಚೊಂಬು ಹಿಡಿದು ಹಾಲು ಹುಯ್ಯುತ್ತಿದ್ದವಳು ಆಕೆ.