ಕೂಗದೆ ಹತ್ತಿದ ಗುಡ್ಡ

ಸಿಂದಗಿಯ ಬೇಳೆ ಮಿಲ್ಲೊಂದರಲ್ಲಿ ಲಾರಿ ನಂಬರು ಬರೆದುಕೊಳ್ಳುವುದು ನನ್ನ ಕೆಲಸ. ದಿನವಿಡೀ ಕುರ್ಚಿ. ಹೊಟ್ಟೆ ಅಂಗಿಯ ಗುಂಡಿಗಳ ಜೊತೆ ಜಗಳಕ್ಕೆ ಬಿದ್ದಾಗ ಆನ್‌ಲೈನಿನಲ್ಲಿ ಟ್ರೆಕ್ಕಿಂಗ್ ಬೂಟು ತರಿಸಿದೆ. ನಮ್ಮ ಎರೆಹೊಲದ ಸೀಮೆಯಲ್ಲಿ ಹತ್ತಲು ಇರುವುದು ಬಸ್ಸಿನ ಮೆಟ್ಟಿಲು ಮಾತ್ರ ಎಂಬುದು ಬೂಟು ಬಂದ ಮೇಲೆ ಹೊಳೆಯಿತು.

ಬೂಟು ನೋಡಿ ವಾಚಮನ್ ಕಾಳಪ್ಪ ಮುತ್ಯಾ ಕೇಳಿದ, "ಗುಡ್ಡಾ ಹತ್ತಾಂವ ಏನೋ ತಮ್ಮಾ? ಮುದ್ದೇಬಿಹಾಳದ ಆಚಿ ಒಂದೈತಿ. ಗಾಡಿ ಮ್ಯಾಲ ಕರಕೊಂಡು ಹೋಗ್ತಿ?"

ಮುತ್ಯಾ ಐವತ್ತು ವರ್ಷ ಕುರಿಗಳ ಹಿಂದೆ ನಡೆದವನು. ಮೊಳಕಾಲು ಸೋತ ಮೇಲೆ ಹಿಂಡನ್ನು ತಂಗಿಯ ಮಗ ಮಾಳಿಂಗನಿಗೆ ಒಪ್ಪಿಸಿ ಬಂದು ಗೇಟಿಗೆ ಕೂತ. ಈಗಲೂ ಲಾರಿ ಒಳಬಂದರೆ "ಟ್ರ್ರ್ರ್" ಎನ್ನುತ್ತಾನೆ. ಲಾರಿ ನಿಲ್ಲುತ್ತದೆ ಕೂಡ.

ಭಾನುವಾರ ನನ್ನ ಬೈಕಿನಲ್ಲಿ ಹೋದೆವು. ಬಸ್ಸು ಬರದ ಊರೊಂದರ ಬೆನ್ನಿಗೆ ಬಂಡೆಗಳ ಗುಡ್ಡ. ಫೋನಿನ ನಕ್ಷೆಯಲ್ಲಿ ಅದಕ್ಕೆ ಹೆಸರೂ ಇರಲಿಲ್ಲ. ಮುತ್ಯಾ ಚಿಟಿಕೆ ಮಣ್ಣು ತೂರಿ ಗಾಳಿ ನೋಡಿದ. ಆಮೇಲೆ ಇದ್ದ ಕಾಲುದಾರಿ ಬಿಟ್ಟು ಜಾಲಿಮುಳ್ಳಿನ ಬದಿ ಹಿಡಿದ. ಯಾಕೆಂದು ಕೇಳಲು ನನ್ನಲ್ಲಿ ಉಸಿರಿರಲಿಲ್ಲ. ಟೈರಿನ ಚಪ್ಪಲಿಯ ಮುದುಕ ಮುಂದೆ, ಹೊಸ ಬೂಟಿನ ನಾನು ನಾಲ್ಕು ಕಾಲಲ್ಲಿ ಹಿಂದೆ.

ತುದಿ ಮುಟ್ಟಿದ ಸಂಭ್ರಮಕ್ಕೆ "ಹೋ" ಎನ್ನಲು ಬಾಯಿ ತೆರೆದೆ. ಮುತ್ಯಾನ ಅಂಗೈ ಬಾಯಿ ಮುಚ್ಚಿತು.

"ಸುಮ್ಕಿರಲೇ! ಕೆಳಗ ನನ್ನ ಕುರಿ ಅದಾವ."

ಇಳಿಜಾರಿನಲ್ಲಿ ಮಾಳಿಂಗನ ಹಿಂಡು ಮೇಯುತ್ತಿತ್ತು.

"ಇಷ್ಟು ದೂರ ಬಂದೀರಿ, ಇಳದು ನೋಡ್ರಲ್ಲ ಮುತ್ಯಾ."

"ಹೋದ ವರ್ಷ ಇಳದಿದ್ದೆ. ಕೆಂದಿ ಅನ್ನೂ ಕುರಿ ನನ್ನ ಬೆನ್ನ ಹತ್ತಿ ರೋಡಿನ ತನಕ ಬಂತು, ಅದರ ಹಿಂದ ಎಲ್ಲಾ ಬಂದ್ವು. ಆಮ್ಯಾಲ ಎರಡು ದಿನ ಹುಲ್ಲು ಮುಟ್ಟಲಿಲ್ಲಂತ. ಮಾಳಿಂಗ ಕೈ ಮುಗದಾ, 'ಮಾಮಾ, ನೀ ಹಿಂಗ ಬಂದ್ರ ನಾ ಹೆಂಗ ಕಾಯಲಿ?' ಅಂದಾ."

ಬಂಡೆಯ ಮೇಲೆ ಬೋರಲಾಗಿ ಮಲಗಿದ. ನಾನೂ ಮಲಗಿದೆ, ಹೊಟ್ಟೆಯ ದೆಸೆಯಿಂದ ಪೂರ್ತಿ ಚಪ್ಪಟೆಯಾಗಲಿಲ್ಲ. ಅವನು ಒಂದೊಂದನ್ನೇ ಬೆರಳಲ್ಲಿ ತೋರಿಸಿ, ಪಿಸುಮಾತಿನಲ್ಲಿ ಅವುಗಳ ತಾಯಿ, ಅಜ್ಜಿಯರ ಹೆಸರು ಹೇಳಿದ.

ಅಷ್ಟರಲ್ಲಿ ಗಾಳಿ ತಿರುಗಿತು. ಕೆಳಗೆ ಕೆಂಪು ಕುರಿಯೊಂದು ತಲೆ ಎತ್ತಿ ನಮ್ಮ ಬಂಡೆಯನ್ನೇ ನೋಡಿತು. ಮುತ್ಯಾನ ತುಟಿ ಕೂಗಿಗೆ ದುಂಡಗಾದವು. ತಟ್ಟನೆ ಹೊದ್ದಿದ್ದ ಕಂಬಳಿಯ ಅಂಚನ್ನು ಬಾಯಿಗೆ ತುರುಕಿಕೊಂಡು ಕಣ್ಣು ಮುಚ್ಚಿದ. ಬಹಳ ಹೊತ್ತಿನ ಮೇಲೆ ಕಂಬಳಿ ತೆಗೆದ, ಕಣ್ಣು ತೆರೆಯಲಿಲ್ಲ.

"ಏನ್ ಮಾಡಾಕತ್ತೈತಿ?"

"ಮೇಯಾಕತ್ತೈತ್ರಿ."

"ಛಲೋ ಆತು," ಎಂದ. ಮತ್ತೊಮ್ಮೆ, "ಛಲೋ ಆತು ಬಿಡು."

ಇಳಿಯುವಾಗ ಅವನು ನನ್ನ ಹೆಗಲಿಗೆ ಕೈ ಊರಿ ನಡೆದ. ಬೈಕಿನ ಹತ್ತಿರ ನಿಂತು ಕಂಬಳಿಯ ಮುಳ್ಳು ಕೀಳುತ್ತ, ನನ್ನ ಮುಖ ನೋಡದೆ ಕೇಳಿದ, "ಆ ಬೂಟು ಇನ್ನೂ ಎಷ್ಟು ದಿನ ಬಾಳಿಕಿ ಬರ್ತಾವೋ ತಮ್ಮಾ?"

ಬಲಗಾಲಿನ ಅಟ್ಟೆ ಆಗಲೇ ಬಾಯಿ ಬಿಟ್ಟಿತ್ತು.

"ಭಾಳ ವರ್ಷ ಬರ್ತಾವ್ರಿ ಮುತ್ಯಾ," ಎಂದೆ.