ಅತ್ತೆಯ ಓಟ ಒಂದು

ಬಟ್ಟೆ ಬಿಗಿ-ಸಡಿಲ ಮಾಡಿಕೊಡುವ ಆ ಹೊಲಿಗೆಯವಳು ಬ್ಯಾಟನ್ನು ಕೈಯಲ್ಲಿ ಹಿಡಿದವಳೇ ಅಲ್ಲ. ಆದರೂ ಅವಳದೊಂದು ಬೇಸ್‌ಬಾಲ್ ತಂಡವಿತ್ತು, ಪೂರಾ ಕಾಗದದ್ದು. ಅಂಗಡಿಯ ಮಹಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಆರು ಮಂದಿ ಭಾನುವಾರ ಮಧ್ಯಾಹ್ನ ಸೇರಿ ಲೀಗ್ ನಡೆಸುತ್ತಿದ್ದರು. ಒಬ್ಬೊಬ್ಬ ಆಟಗಾರನಿಗೂ ಒಂದು ಚೀಟಿ. ಅದರಲ್ಲಿ ಹೊಡೆತಕ್ಕಿಷ್ಟು, ಓಟಕ್ಕಿಷ್ಟು ಎಂದು ಆರರೊಳಗಿನ ಅಂಕ. ಉಳಿದದ್ದೆಲ್ಲ ದಾಳದ ಕೈಯಲ್ಲಿ.

ಮಿಕ್ಕವರು ಆಟಗಾರರಿಗೆ ಹುಲಿ, ಸಿಡಿಲು ಎಂದೆಲ್ಲ ಹೆಸರಿಟ್ಟರೆ ಇವಳು ಸದ್ದಿಲ್ಲದೆ ನೆಂಟರನ್ನೇ ತುಂಬಿಕೊಂಡಳು. ಕ್ಷೌರದಂಗಡಿಯ ಗಂಡ ಚೆಂಡೆಸೆಯುವವನು, ಆದರೆ ಬೇಗ ಸುಸ್ತಾಗುವವನು. ಅತ್ತೆಗೆ ಹೊಡೆತ ಆರು, ಓಟ ಒಂದು.

ಆ ವರ್ಷದ ಫೈನಲ್‌ನಲ್ಲಿ ಎದುರು ಕೂತವರು ಕನ್ನಡಕದಂಗಡಿಯ ಭಾವ, ಅಂದರೆ ಅತ್ತೆಯ ಹಿರಿಮಗ. ನಾಲ್ಕು ವರ್ಷದಿಂದ ಗೆಲುವಿನ ಕಪ್ ಅವರದೇ. ಲೀಗಿನ ನಿಯಮ ಬರೆದವರೂ ಅವರೇ. ಕೊನೆಯ ಸರದಿಗೆ ಇವಳ ತಂಡ ಒಂದು ರನ್ ಹಿಂದಿತ್ತು. ಇಬ್ಬರು ಔಟಾಗಿದ್ದರು, ಮೂರನೆಯವರು ಔಟಾದರೆ ಸರದಿ ಮುಗಿದಂತೆ. ಒಬ್ಬ ಬೇಸ್ ಮೇಲಿದ್ದ. ಮುಂದಿನ ಚೀಟಿ ಅತ್ತೆಯದು.

ಅದೇ ಗಳಿಗೆಗೆ ಅತ್ತೆ ಕತ್ತರಿ ಹುಡುಕಿಕೊಂಡು ಮೇಲೆ ಬರಬೇಕೆ? ಚೀಟಿ ಎತ್ತಿ ಕಣ್ಣಿಗೆ ಹತ್ತಿರ ಹಿಡಿದು ಓದಿದರು. ಭಾವ ಮುಸಿಮುಸಿ ನಗುತ್ತ ಒಂದೊಂದು ಅಂಕದ ಅರ್ಥವನ್ನೂ ಬಿಡಿಸಿ ಹೇಳಿದರು.

ಹೊಲಿಗೆಯವಳ ಮುಖ ಇಂಗು ತಿಂದ ಮಂಗನಂತಾಯಿತು. ಅತ್ತೆ ಕುರ್ಚಿ ಎಳೆದು ಕೂತರು. “ನನ್ನ ಆಟ ನಾನೇ ಆಡ್ತೀನಿ. ಕೊಡು ಇಲ್ಲಿ.”

ಹೊಡೆತಕ್ಕೆ ಎರಡು ದಾಳ, ಸೇರಿ ಹನ್ನೊಂದು ಬಿತ್ತು. ಚೆಂಡು ದೂರದ ಗೋಡೆಗೆ. ಬೇಸ್ ಮೇಲಿದ್ದವನು ಮನೆ, ಎಂದರೆ ಓಟ ಶುರುವಾದ ಜಾಗ, ಸೇರಿ ಸಮ ಮಾಡಿದ. ಕಾಗದದ ಅತ್ತೆ ಮೂರನೇ ಬೇಸ್ ಮುಟ್ಟಿದರು. ಅಲ್ಲೇ ನಿಂತರೆ ಕ್ಷೇಮ. ಮನೆಯವರೆಗೂ ಓಡಿದರೆ ಕಪ್, ಆದರೆ ಚೀಟಿಯಲ್ಲಿ ಓಟ ಒಂದಾದ್ದರಿಂದ ಅದಕ್ಕೆ ದಾಳದಲ್ಲೂ ಒಂದೇ ಬೀಳಬೇಕು. ಸೊಸೆ ನಿಲ್ಲಿಸೋಣವೆಂದಳು. ಅತ್ತೆ ಕೇಳಲಿಲ್ಲ. ಎಸೆದ ರಭಸಕ್ಕೆ ದಾಳ ಮೇಜು ದಾಟಿ ನೆಲದ ಚಿಂದಿಯ ರಾಶಿಯೊಳಗೆ ಬಿತ್ತು. ಭಾವ ಬಗ್ಗಿ ನೋಡಿ ಐದು ಎಂದರು, ಔಟ್ ಎಂದರು.

“ಭಾವ, ನೆಲಕ್ಕೆ ಬಿದ್ದದ್ದು ಲೆಕ್ಕಕ್ಕಿಲ್ಲ, ಮತ್ತೆ ಎಸೀಬೇಕು ಅಂತ ನೀವೇ ಬರೆದಿದ್ದೀರಲ್ಲ,” ಎಂದಳು ಅವಳು ಮೆಲ್ಲಗೆ.

ಹೋದ ವರ್ಷ ಸೋಲುವಂತಾದಾಗ ಅವರೇ ಸೇರಿಸಿದ ನಿಯಮವದು. ಭಾವ ನಿಯಮದ ಪುಸ್ತಕ ತಿರುವಿಹಾಕಿದರು, ತಮ್ಮದೇ ಅಕ್ಷರ ಕಂಡು ದಾಳ ಹೆಕ್ಕಿ ಕೊಟ್ಟರು. ಅತ್ತೆ ಈ ಸಲ ದಾಳವನ್ನು ಎಸೆಯಲಿಲ್ಲ, ಮೇಜಿನ ಮೇಲೆ ನಾಜೂಕಾಗಿ ಉರುಳಿಸಿದರು. ಅದು ಒಂದೆರಡು ಸುತ್ತು ಹೊರಳಿ ನಿಂತಿತು. ಒಂದು.

ಅತ್ತೆ ಮಗನ ಮುಖ ನೋಡಿ, “ಇದು ಮೇಜಿನ ಮೇಲೇ ಇದೆ, ನೋಡ್ಕೋಪ್ಪಾ,” ಎಂದರು.

ಕಪ್ ಹೊಲಿಗೆ ಯಂತ್ರದ ಪಕ್ಕಕ್ಕೆ ಬಂತು. ಆದರೆ ಅತ್ತೆಯ ಸಿಟ್ಟು ಇಳಿಯಲಿಲ್ಲ: ಗೆಲ್ಲಿಸಿದವಳ ಓಟಕ್ಕೆ ಮೂರಾದರೂ ಅಂಕ ಬೇಕಂತೆ. ಸೊಸೆ ಜಗ್ಗಲಿಲ್ಲ. ಮೂರು ದಿನ ಒಳಗೊಳಗೇ ಗುದ್ದಾಡಿ, ಕೊನೆಗೆ ಇಬ್ಬರೂ ಎರಡಕ್ಕೆ ಒಪ್ಪಿದರು.